ಗುಲಾಬಿ ಅಂದರೆ ಮೊದಲು ಹೂವಲ್ಲ, ನೀರು

ಮೊನ್ನೆ ತಂಗಿಯ ಮಗಳ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿ ಅಜ್ಜಿಯ ಕಾಲದ ಬೆಳ್ಳಿ ಪನ್ನೀರ್ದಾನಿ. ಹಿರಿಯ ನೆಂಟರೊಬ್ಬರು ಅದನ್ನು ಮುಟ್ಟಿ ನೋಡಿ, "ಇದೆಲ್ಲ ವೇದಕಾಲದಿಂದ ಬಂದದ್ದು ಕಣಪ್ಪಾ, ಬೇರೆಯವರ ಹತ್ತಿರ ಏನಿತ್ತು?" ಅಂದರು. ಶುಭಕಾರ್ಯದ ಮನೆ, ದೊಡ್ಡವರು, ಎದುರಾಡಲಿಲ್ಲ. ಆದರೆ ಆ ಪ್ರಶ್ನೆ ಮನಸ್ಸಿನಿಂದ ಹೋಗಲೇ ಇಲ್ಲ.

ಪಾರಸಿಯಲ್ಲಿ 'ಗುಲ್' ಅಂದರೆ ಹೂವು, 'ಆಬ್' ಅಂದರೆ ನೀರು. ಗುಲಾಬ್ ಅಂದರೆ ಪನ್ನೀರೇ. ಆ ನೀರಿನ ಹೆಸರನ್ನೇ ನಾವು ಹೂವಿಗೆ ಇಟ್ಟುಕೊಂಡೆವು. ಪನ್ನೀರ್ದಾನಿಯ 'ದಾನಿ' ಕೂಡ ಪಾರಸಿಯದೇ. ಅತ್ತರು ಅರಬ್ಬಿಯ 'ಇತ್ರ್'.

ನಮ್ಮಲ್ಲಿ ಸುಗಂಧವೇ ಇರಲಿಲ್ಲ ಅನ್ನುತ್ತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಮೈಗೆ ಪೂಸುವ ಗಂಧದ ವಿವರಗಳಿವೆ. ತೇಯುವುದು, ಧೂಪ ಹಾಕುವುದು, ಎಣ್ಣೆಗೆ ಹೂವಿನ ವಾಸನೆ ಹಿಡಿಸುವುದು ನಮಗೆ ಚೆನ್ನಾಗಿ ಗೊತ್ತಿತ್ತು. ಆದರೆ ಭಟ್ಟಿ ಇಳಿಸುವ ಹಳೆಯ ವಿದ್ಯೆಯನ್ನು ಪರಿಮಳಕ್ಕೆ ಹಚ್ಚಿ, ಬರೆದಿಟ್ಟು, ದೊಡ್ಡ ಕಸುಬಾಗಿ ಬೆಳೆಸಿದ್ದು ಇಸ್ಲಾಮಿ ಜಗತ್ತು. 9ನೇ ಶತಮಾನದ ಬಾಗ್ದಾದಿನ ತತ್ವಜ್ಞಾನಿ ಅಲ್-ಕಿಂದಿಯ ಹೆಸರಿನಲ್ಲಿರುವ ಸುಗಂಧ ರಸಾಯನದ ಪುಸ್ತಕದಲ್ಲಿ ನೂರಕ್ಕೂ ಹೆಚ್ಚು ಪಾಕಗಳಿವೆ. ಪರ್ಷಿಯಾದ ಜೂರ್ ಪಟ್ಟಣದ ಪನ್ನೀರು ದೂರದೂರದ ದೇಶಗಳಿಗೆ ಹೋಗುತ್ತಿತ್ತು. ಪ್ರವಾದಿಯವರಿಗೆ ಪರಿಮಳ ಇಷ್ಟ, ಶುಕ್ರವಾರ ಮಿಂದು ಸುಗಂಧ ಹಚ್ಚಿಕೊಂಡು ನಮಾಜಿಗೆ ಹೋಗುವುದು ಸಂಪ್ರದಾಯ. ಹಾಗಾಗಿ ಅದು ಅರಮನೆಯ ಭೋಗವಾಗಿಯಷ್ಟೇ ಉಳಿಯಲಿಲ್ಲ.

ಜಹಾಂಗೀರ್ ಬಾದಶಹ ತನ್ನ ದಿನಚರಿಯಲ್ಲಿ ಬರೆದದ್ದು ನನಗೆ ಬಲು ಇಷ್ಟ. ನೂರ್ ಜಹಾನಳ ತಾಯಿ ಪನ್ನೀರು ಮಾಡಿಸುವಾಗ, ಬಿಸಿ ಪನ್ನೀರು ಸುರಿದ ತಟ್ಟೆಗಳಲ್ಲಿ ಮೇಲೆ ತೇಲಿದ ಜಿಡ್ಡನ್ನು ಕಂಡು ಸ್ವಲ್ಪ ಸ್ವಲ್ಪವಾಗಿ ಕೂಡಿಹಾಕಿದಳಂತೆ. ಅದೇ ಗುಲಾಬಿ ಅತ್ತರು. ಒಂದು ತೊಟ್ಟು ಅಂಗೈಗೆ ತಿಕ್ಕಿದರೆ ಇಡೀ ಸಭೆ ಘಮಘಮಿಸುತ್ತದೆ ಎನ್ನುತ್ತಾನೆ. ಮೆಚ್ಚಿ ಮುತ್ತಿನ ಹಾರ ಕೊಟ್ಟ. ಅಡುಗೆಮನೆಯಲ್ಲಿ ಕೆನೆ ತೆಗೆದ ಹೆಂಗಸಿನ ಕಣ್ಣೇ ಅಲ್ಲವೇ ಅದು!

ಅದೇ ಹೊತ್ತಿಗೆ ನಮ್ಮ ವಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿ ಆಳುತ್ತಿದ್ದ. ತನ್ನ ಹಾಡುಗಳಲ್ಲಿ ಸರಸ್ವತಿಯನ್ನು ನೆನೆದ ದೊರೆ. 'ಇತ್ರ್-ಎ-ನೌರಸ್ ಶಾಹಿ' ಎಂಬ ಸುಗಂಧ ಗ್ರಂಥ ಅವನಿಗೇ ಅರ್ಪಿತವಾದದ್ದು. ಪಾರಸಿಯಲ್ಲಿದೆ. ಕಲ್ಯಾಣದಿಂದ ವಿಜಾಪುರ ಎಷ್ಟು ದೂರ ಹೇಳಿ. ಶಾಲೆಯ ಪಾಠದಲ್ಲಿ ಗೋಲಗುಮ್ಮಟ ಬಂತು, ಈ ಪುಸ್ತಕದ ಹೆಸರು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದು ನನಗೆ ನಿಜಕ್ಕೂ ನೋವು.

ಇನ್ನು ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿನ ಕಸುಬು. ತಾಮ್ರದ ಹಂಡೆಯಲ್ಲಿ ಹೂವು, ನೀರು. ಬಾಯಿಗೆ ಮಣ್ಣಿನ ಮೆತ್ತು. ಕೆಳಗೆ ಹದವಾದ ಬೆಂಕಿ. ಬಿದಿರಿನ ಕೊಳವೆಯಲ್ಲಿ ಹಾದ ಹಬೆ ತಣ್ಣೀರಲ್ಲಿ ಕೂತ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಹಾಕಿಟ್ಟಿರುವುದು ಶ್ರೀಗಂಧದ ಎಣ್ಣೆ. ಹೂವಿನ ಜೀವ ಹಿಡಿದಿಟ್ಟುಕೊಳ್ಳುವುದು ಅದೇ. ಶ್ರೀಗಂಧ ಅಂದಮೇಲೆ ಮೈಸೂರು ಸೀಮೆಯ ಹೆಸರು ಬೇರೆ ಹೇಳಬೇಕೇ? ಈಗ ಗಂಧದೆಣ್ಣೆಗೆ ಚಿನ್ನದ ಬೆಲೆ, ಅಗ್ಗದ ಅತ್ತರಿಗೆ ಪ್ಯಾರಾಫಿನ್ ಎಂಬ ಖನಿಜ ಎಣ್ಣೆಯೇ ಗತಿ.

ಮದುವೆ ಮುಗಿಸಿ ಬರುವಾಗ ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗಿ ಒಂದು ಪುಟ್ಟ ಶೀಶೆ ಗುಲಾಬಿ ಅತ್ತರು ತಂದೆ. ಅಂಗಡಿಯ ಭಾಯ್ ಹತ್ತಿಗೆ ಒಂದು ತೊಟ್ಟು ಹಚ್ಚಿ, "ಕಿವಿಯ ಮಡಿಕೆಯಲ್ಲಿ ಇಟ್ಕೊಳ್ಳಿ ಸಾರ್, ಸಂಜೆವರೆಗೂ ಇರುತ್ತೆ" ಅಂದರು. ಆ ನೆಂಟರ ಮನೆಗೆ ಬರುವ ಭಾನುವಾರ ಹೋಗುತ್ತಿದ್ದೇನೆ. ಶೀಶೆ ಅವರಿಗೇ.