ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ

ಜನವರಿ ಬಂತೆಂದರೆ ಹತ್ತನೇ ಕ್ಲಾಸಿನಲ್ಲಿ ಕನ್ನಡ ಪಾಠ ಮುಗಿಯುತ್ತದೆ. ಆಮೇಲೆ ಇರುವುದು ಬರೀ ಪ್ರಶ್ನೆ. ಮೇಷ್ಟ್ರ ಕೈಯಲ್ಲಿ ಪ್ರಶ್ನೆಪತ್ರಿಕೆಯ ನೀಲನಕ್ಷೆ, ಮಕ್ಕಳ ಕೈಯಲ್ಲಿ ಪಾಸಾಗೋಕೆ ಬೇಕಾದಷ್ಟನ್ನೇ ಕಟ್ಟಿಕೊಟ್ಟ ಪಾಸಿಂಗ್ ಪ್ಯಾಕೇಜ್. ಮನೆ ಕಟ್ಟೋರಿಗೂ ಇಷ್ಟು ಪಕ್ಕಾ ನಕ್ಷೆ ಸಿಗೋದಿಲ್ಲ.

ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸುವ ಪ್ರಶ್ನೆಯನ್ನೇ ನೋಡಿ. ಮೂರು ಅಂಕ. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಬರೆದು ಮೂರರ ಕೆಳಗೂ ಸ್ಕೇಲ್ ಇಟ್ಟು ಗೆರೆ ಎಳೆಯಬೇಕು. ಗೆರೆ ಮರೆತವನಿಗೆ ಸಾಹಿತ್ಯದ ಗಂಧಗಾಳಿಯೇ ಇಲ್ಲ. ಕೊನೆಯ ಸಾಲು ಮಾತ್ರ ಎಲ್ಲ ಪಾಠಕ್ಕೂ ಒಂದೇ: "ಎಂಬುದು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ." ಶಬರಿ ರಾಮನನ್ನು ಕಂಡರೂ ಮೂಡಿಬಂದಿದೆ, ಲವ ಕುದುರೆ ಕಟ್ಟಿದರೂ ಮೂಡಿಬಂದಿದೆ, ಗೋಕಾಕರು ಲಂಡನ್ ಸುತ್ತಿದರೂ ಮೂಡಿಬಂದಿದೆ.

ಬೇಂದ್ರೆಯವರ ಹಕ್ಕಿಯೂ ತಪ್ಪಿಸಿಕೊಂಡಿಲ್ಲ.

"ಹಕ್ಕಿ ಅಂದ್ರೆ ಏನ್ರೋ?"

"ಕಾಲ ಸಾರ್!" ಇಡೀ ಕ್ಲಾಸು ಒಂದೇ ಉಸಿರಿಗೆ.

"ಕಾಲ ಯಾಕೆ ಸಾರ್ ಹಕ್ಕಿ?" ಹಿಂದಿನ ಬೆಂಚಿನ ಹುಡುಗ.

ಮೇಷ್ಟ್ರು ನೀಲನಕ್ಷೆ ಮೇಲೆ ಬೆರಳಾಡಿಸಿದರು. "ಅದನ್ನ ಕೇಳಲ್ಲ ಕಣೋ. ಕೂತ್ಕೋ."

ಇನ್ನು ಕವಿ ಪರಿಚಯ. ಸ್ಥಳ ಧಾರವಾಡ, ಕಾಲ 1896, ಕೃತಿ ನಾಕುತಂತಿ, ಪ್ರಶಸ್ತಿ ಜ್ಞಾನಪೀಠ. ನಾಕೂ ತಂತಿ ಮೀಟಿದರೆ ಬೇಂದ್ರೆ ಮುಗಿದರು.

ಗಾದೆ ವಿಸ್ತರಣೆಗೆ ಗಾದೆ ಅರ್ಥವಾಗಬೇಕು ಅಂತೇನಿಲ್ಲ. "ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತ ಶುರು ಮಾಡಿದರೆ ಅಂಕ ಖಾತ್ರಿ. ರಾಜ್ಯದ ಆರನೇ ಗ್ಯಾರಂಟಿ ಇದು. ಪತ್ರ ಲೇಖನ ಇನ್ನೂ ಚೆಂದ. ಪಕ್ಕದ ರೂಮಿನಲ್ಲಿ ಟಿವಿ ನೋಡುತ್ತಿರುವ ಅಪ್ಪನಿಗೆ "ತೀರ್ಥರೂಪು ತಂದೆಯವರಿಗೆ" ಅಂತ ಬರೆದು ಶಾಲಾ ಪ್ರವಾಸಕ್ಕೆ ದುಡ್ಡು ಕೇಳಬೇಕು. ಆ ಅಪ್ಪಂದಿರು ಇಷ್ಟು ವರ್ಷ ಒಂದು ರೂಪಾಯಿಯನ್ನೂ ಕಳಿಸಿದ ಹಾಗಿಲ್ಲ. ಮಕ್ಕಳು ಇನ್ನೂ ಬರೆಯುತ್ತಲೇ ಇದ್ದಾರೆ.

ಇದಕ್ಕೆಲ್ಲ ಮೇಷ್ಟ್ರನ್ನ ಸುಮ್ನೆ ಬೈಯಬೇಡಿ. ರಿಸಲ್ಟ್ ಕಮ್ಮಿಯಾದರೆ ನೋಟಿಸ್ ಬರೋದು ಅವರಿಗೆ, ಬೇಂದ್ರೆಯವರಿಗಲ್ಲ.

ಈ ತಾಲೀಮು ಮುಗಿಸಿ ಮಕ್ಕಳು ಪರೀಕ್ಷೆಗೆ ಹೋದರೆ ಅಲ್ಲಿ ತಲೆ ಮೇಲೆ ಕ್ಯಾಮೆರಾ. 2024ರಿಂದ ವೆಬ್‌ಕಾಸ್ಟಿಂಗ್ ಬಂದಿದೆ. ಒಬ್ಬರದ್ದು ಒಬ್ಬರು ನೋಡಿ ಬರೆಯಬಾರದು, ಅಷ್ಟೇ. ಮುಂದಿನವನದ್ದೂ ಅದೇ ಸಾಲು, ಹಿಂದಿನವಳದ್ದೂ ಅದೇ, ಪಕ್ಕದ ಜಿಲ್ಲೆಯವರದ್ದೂ ಅದೇ. ಕದ್ದು ನೋಡಿದರೂ ಹೊಸದಾಗಿ ಏನು ಸಿಗುತ್ತೆ, ಪಾಪ?