45 ದಿನದಲ್ಲಿ 70 ವರ್ಷದ ಹೋಟೆಲ್ ಕಟ್ಟುವ ಕ್ರಮ

ಬೆಂಗಳೂರಿನಲ್ಲಿ ಈಗ ಹೊಸ ಹೋಟೆಲ್ ತೆರೆಯುವವರೇ ಇಲ್ಲ. ತೆರೆಯುವುದೆಲ್ಲ ಹಳೇ ಹೋಟೆಲು. ಹೋದ ತಿಂಗಳು ಟೈಲ್ಸ್ ಶೋರೂಮ್ ಇದ್ದ ಜಾಗದಲ್ಲಿ ಈ ತಿಂಗಳು ಕೆಂಪು ಗಾರೆ ನೆಲ, ಬೆತ್ತದ ಕುರ್ಚಿ, ಹಿತ್ತಾಳೆ ಫಿಲ್ಟರು, ಗಲ್ಲಾಪೆಟ್ಟಿಗೆಯ ಮೇಲೆ ಪೇಟ ಸುತ್ತಿದ ಅಜ್ಜನ ಕಪ್ಪುಬಿಳುಪು ಫೋಟೋ. ಬಾಗಿಲಿಗೆ ಹೊಡೆದ ವಾರ್ನಿಷ್ ಇನ್ನೂ ಕೈಗೆ ಅಂಟುತ್ತಿರುತ್ತದೆ, ಬೋರ್ಡಿನಲ್ಲಿ ಮಾತ್ರ ‘ತಲೆಮಾರುಗಳ ರುಚಿ’. ಯಾರ ತಲೆ, ಯಾರಿಗೆ ಮಾರಿದ್ದು ಅಂತೆಲ್ಲ ಕೇಳಬಾರದು.

ಹಿಂದಿನವರಿಗೆ ಈ ಚುರುಕು ಇರಲಿಲ್ಲ. ಎಂಟಿಆರ್ 1924ರಲ್ಲಿ ಶುರುವಾಗಿ ನೂರು ವರ್ಷ ತುಂಬಿಸಲು ಪೂರ್ತಿ ನೂರು ವರ್ಷ ತೆಗೆದುಕೊಂಡಿತು. ನಡುವೆ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ದರ ಕಟ್ಟಿದಾಗ, ಆ ದರಕ್ಕೆ ಈ ರುಚಿ ಕೊಡಲಾಗದು ಎಂದು ಬಾಗಿಲನ್ನೇ ಹಾಕಿಬಿಟ್ಟರು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಕೂತಿದೆ, ಇಂದಿಗೂ ಶುಕ್ರವಾರ ರಜೆ. ವಾರಕ್ಕೊಂದು ದಿನ ರಜೆ ಹಾಕುತ್ತ ಎಂಬತ್ತು ವರ್ಷ ಕಾಯುತ್ತೇನೆ ಅಂದರೆ ಯಾವ ಇನ್ವೆಸ್ಟರು ದುಡ್ಡು ಹಾಕುತ್ತಾನೆ? ಹಾಗಾಗಿ ವೇಗದ ವಿಧಾನವೊಂದು ಚಾಲ್ತಿಗೆ ಬಂದಿದೆ.

ಮೊದಲು ಅಜ್ಜ. ಸ್ವಂತ ಅಜ್ಜ ಕ್ಲರ್ಕಾಗಿದ್ದು, ಫೋಟೋದಲ್ಲಿ ಪ್ಯಾಂಟು ಹಾಕಿದ್ದರೆ ನಡೆಯುವುದಿಲ್ಲ. ಸಂಡೇ ಬಜಾರಿನ ಹಳೇ ಸಾಮಾನಿನ ರಾಶಿಯಲ್ಲಿ ಪೇಟದ ಅಜ್ಜಂದಿರು ಚೌಕಟ್ಟಿನ ಸಮೇತ ಸಿಗುತ್ತಾರೆ. ಗೆದ್ದಲು ತಿಂದ ಚೌಕಟ್ಟಿಗೆ ಬೆಲೆ ಜಾಸ್ತಿ. ಗಾಜು ಒಡೆದಿದ್ದರೆ ಬದಲಾಯಿಸಬೇಡಿ, ಅದೇ ಪರಂಪರೆ. ಫೋಟೋದ ಕೆಳಗೆ ‘ನಮ್ಮ ಸಂಸ್ಥಾಪಕರು’ ಅಂತ ಬರೆಸಬೇಕು, ಹೆಸರು ಬರೆಸಬಾರದು. ಹೆಸರು ಬರೆಸಿದರೆ ಯಾರಾದರೂ ಮೊಮ್ಮಗ ಬಂದು ಬಿಲ್ ಕೊಡದೆ ಹೋದಾನು.

ಆಮೇಲೆ ಬೋರ್ಡು. 2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು. ಪುಣ್ಯಕ್ಕೆ ಹಳೇ ಹೋಟೆಲಿನವರಿಗೆ ಕನ್ನಡ ಡೆಕೋರೇಷನ್ನಿನ ಲೆಕ್ಕಕ್ಕೇ ಬರುತ್ತದೆ. ದುಂಡಗಿನ ಅಕ್ಷರ, ಸುತ್ತ ಬಳ್ಳಿ, ನಡುವೆ ‘ಸುದ್ದ ಸಸ್ಯಹಾರಿ’. ತಪ್ಪನ್ನು ತಿದ್ದಬೇಡಿ. ಅದೊಂದೇ ನಿಜವಾಗಿಯೂ ತಲೆಮಾರುಗಳಿಂದ ಬಂದದ್ದು.

ಇಷ್ಟಾದರೂ ಒಂದು ಚಾಡಿಕೋರ ಗೋಡೆಯ ಮೇಲೆ ಇದ್ದೇ ಇರುತ್ತಾನೆ. ಆಹಾರ ಸುರಕ್ಷತಾ ಪ್ರಾಧಿಕಾರದವರು ಕೊಡುವ ಎಫ್‌ಎಸ್‌ಎಸ್‌ಎಐ ಲೈಸೆನ್ಸು. ಹದಿನಾಲ್ಕು ಅಂಕಿಯ ಆ ನಂಬರನ್ನು ಗಿರಾಕಿಗೆ ಕಾಣುವಂತೆ ಹಾಕಲೇಬೇಕು. ಮೊದಲ ಅಂಕಿ ಲೈಸೆನ್ಸೋ ರಿಜಿಸ್ಟ್ರೇಷನ್ನೋ ಹೇಳುತ್ತದೆ. ಮುಂದಿನ ಎರಡು ರಾಜ್ಯ, ಕರ್ನಾಟಕಕ್ಕೆ 12. ನಾಲ್ಕನೆಯದು ಮತ್ತು ಐದನೆಯದು ವರ್ಷ. ಅಂದರೆ ಅಜ್ಜನ ಕೆಳಗೆ ‘1954ರಿಂದ’ ಅಂತಿದ್ದು, ಪಕ್ಕದಲ್ಲಿ 11224 ಎಂದು ಶುರುವಾಗುವ ನಂಬರಿದ್ದರೆ ಅಜ್ಜ ಹುಟ್ಟಿದ್ದು 2024ರಲ್ಲಿ. ನ್ಯಾಯಕ್ಕೆ ಹೇಳಬೇಕೆಂದರೆ ಈ ಲೈಸೆನ್ಸು ಪದ್ಧತಿಯೇ 2011ರಲ್ಲಿ ಬಂದದ್ದು, ನಿಜವಾದ ಹಳಬರ ಗೋಡೆಯಲ್ಲೂ 1924 ಅಂತೇನೂ ಸಿಗುವುದಿಲ್ಲ. ಆದರೆ ಅವರು ಅದರ ಮುಂದೆ ಬಾಳೆಗಿಡದ ಕುಂಡ ಇಟ್ಟಿರುವುದಿಲ್ಲ.

ಈಗ ಹೊಟ್ಟೆಪಾಡಿನ ಲೆಕ್ಕ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟಾಗಿದೆ. ಬಾಡಿಗೆ ತಿಂಗಳಿಗೆ 3 ಲಕ್ಷ ಅಂತಿಟ್ಟುಕೊಳ್ಳಿ, ದಿನಕ್ಕೆ 10,000. ಸಾಮಾನು, ಗ್ಯಾಸು, ಸಂಬಳ ಎಲ್ಲ ಕಳೆದು ದೋಸೆಗೆ 20 ರೂಪಾಯಿ ಉಳಿದರೆ ಬಾಡಿಗೆಗೇ 500 ದೋಸೆ ಬೇಕು. ದೊಡ್ಡ ಹಂಚಿನಲ್ಲಿ ಒಂದು ಸಲಕ್ಕೆ 12 ದೋಸೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹುಯ್ದು, ಬೇಯಿಸಿ, ಎಬ್ಬಿಸುವುದಕ್ಕೆ 5 ನಿಮಿಷ. ಹಂಚು ಒಂದು ಗಳಿಗೆ ಖಾಲಿ ಬೀಳದಿದ್ದರೂ 500ಕ್ಕೆ ಸುಮಾರು ಮೂರೂವರೆ ಗಂಟೆ. ಬೆಳಿಗ್ಗೆ ಆರೂವರೆಗೆ ಒಲೆ ಹಚ್ಚಿದರೆ ಹತ್ತು ಗಂಟೆಯವರೆಗಿನ ದೋಸೆಯೆಲ್ಲ ಬಿಲ್ಡಿಂಗ್ ಓನರಿನದು. ನಿಮ್ಮ ದೋಸೆ ಶುರುವಾಗುವುದು ಆಮೇಲೆ, ಜನ ಆಫೀಸಿಗೆ ಹೋದ ಮೇಲೆ.

ಹಾಗಾಗಿ ಜನ ಆಫೀಸಿಗೆ ಹೋಗದಂತೆ ನೋಡಿಕೊಳ್ಳಬೇಕು. ಅದಕ್ಕೇ ರೀಲು. ತುಪ್ಪದ ಜಗ್ಗನ್ನು ದೋಸೆಯಿಂದ ಎರಡಡಿ ಮೇಲೆ ಎತ್ತಿ ಹುಯ್ಯುವುದು, ಕ್ಯಾಮೆರಾ ಕೆಳಗಿನಿಂದ. ಜೊತೆಗೆ ‘ಪೊಡಿ’. ನಮ್ಮಲ್ಲಿ ಇದಕ್ಕೆ ಚಟ್ನಿಪುಡಿ ಅಂತ ಹೆಸರಿತ್ತು, ಆ ಹೆಸರಿನಲ್ಲಿ ಅದು ತಟ್ಟೆಯ ಮೂಲೆಯಲ್ಲಿ ಪುಕ್ಕಟೆ ಬರುತ್ತಿತ್ತು. ಹೆಸರು ಬದಲಾಯಿಸಿಕೊಂಡ ಮೇಲೆ ಅದರ ಸಂಬಳ ಏರಿದೆ.

ರೀಲು ಓಡಿತು ಅನ್ನಿ. ನಿಜವಾದ ಕಷ್ಟ ಅಲ್ಲಿಂದ. ಅಕ್ಕಿ ನಾಲ್ಕು ಪಾಲು, ಉದ್ದು ಒಂದು ಪಾಲು, ಹಿಡಿ ಅವಲಕ್ಕಿ, ಚೂರು ಮೆಂತ್ಯ ನೆನೆಹಾಕಿ ಸಂಜೆ ರುಬ್ಬಿದರೆ ಹಿಟ್ಟು ಹುದುಗಲು ಎಂಟರಿಂದ ಹನ್ನೆರಡು ಗಂಟೆ ಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಅದೂ ಸಾಲದು, ಬೆಚ್ಚಗಿನ ನೀರಲ್ಲಿ ಕಲೆಸಿ ಒಲೆಯ ಪಕ್ಕ ಇಡಬೇಕು. ಹಿಟ್ಟಿಗೆ ಅವಸರ ಗೊತ್ತಿಲ್ಲ, ಅದು ರೀಲು ನೋಡುವುದಿಲ್ಲ. ಮುನ್ನೂರು ಜನಕ್ಕೆ ರುಬ್ಬಿದ್ದಕ್ಕೆ ಒಂಬೈನೂರು ಜನ ಬಂದರೆ ಒಂಬತ್ತಕ್ಕೆ ಡ್ರಮ್ ಖಾಲಿ. ಆಗ ಬೆಳಿಗ್ಗೆಯಷ್ಟೇ ರುಬ್ಬಿದ ಹಸಿ ಹಿಟ್ಟಿಗೆ ಅಡುಗೆ ಸೋಡಾ, ಬಣ್ಣಕ್ಕೆ ಸಕ್ಕರೆ. ಸೋಡಾದಿಂದ ತೂತು ಬೀಳುತ್ತದೆ, ಹುಳಿ ಬರುವುದಿಲ್ಲ; ಸಕ್ಕರೆಯಿಂದ ಕೆಂಪಾಗುತ್ತದೆ, ಗರಿಯಾಗುವುದಿಲ್ಲ.

ಹಂಚಿನದು ಇನ್ನೊಂದು ಗೋಳು. ಚಿಮುಕಿಸಿದ ನೀರು ಚುಯ್ ಅಂದು ಆಡಿ ಹಾರಿಹೋದರೆ ಹದ ಸರಿ. ಕಾವು ಮೀರಿದ್ದರೆ ಹಿಟ್ಟು ಹರಡದೆ ಬಟ್ಟಲಿನ ತಳಕ್ಕೆ ಕಚ್ಚಿಕೊಂಡು ಗಂಟಾಗಿ ಎದ್ದುಬರುತ್ತದೆ. ಒಂದರ ಹಿಂದೊಂದು ಹುಯ್ಯುತ್ತ ಹೋದರೆ ಹಂಚು ತಣಿದು ದೋಸೆ ಬಿಳಿಚಿಕೊಂಡು ಚರ್ಮದಂತಾಗುತ್ತದೆ. ಕ್ಯೂ ಕೂಗುತ್ತಿದೆ ಅಂತ ಭಟ್ಟರು ಉರಿ ಏರಿಸಿದರೆ ನಡುವೆ ಕಪ್ಪು, ಅಂಚು ಹಸಿ. ಈ ಎಲ್ಲ ಪಾಪಕ್ಕೂ ಪ್ರಾಯಶ್ಚಿತ್ತ ಒಂದೇ, ಎರಡಡಿ ಮೇಲಿಂದ ಇನ್ನಷ್ಟು ತುಪ್ಪ. ತುಪ್ಪದ ದೋಸೆಯ ಜನಪ್ರಿಯತೆಯನ್ನು ಅಡುಗೆಮನೆ ಕಡೆಯಿಂದ ನೋಡಿದರೆ ಹೀಗೆ ಕಾಣುತ್ತದೆ.

ಕಾಫಿಗೂ ಇದೇ ಗತಿ. ಬೆಳಗಿನ ಮೊದಲ ಡಿಕಾಕ್ಷನ್ ರೀಲಿಗೆ, ಅದೇ ಪುಡಿಗೆ ಮತ್ತೆ ಬಿಸಿನೀರು ಹುಯ್ದು ಇಳಿಸಿದ್ದು ಗಿರಾಕಿಗೆ. ಚಿಕೋರಿ ಶೇ. 49ರವರೆಗೆ ಕಾನೂನೇ ಒಪ್ಪುತ್ತದೆ, ಬಣ್ಣಕ್ಕೇನೂ ಕೊರತೆಯಿಲ್ಲ. ಒಂದು ಕಾಫಿಯನ್ನು ಇಬ್ಬರಿಗೆ ಹಂಚುವ ಬೈಟು ಮಾತ್ರ ಕೇಳಬೇಡಿ. ‘ಬೈಟು ಇಲ್ಲ ಸರ್, ಮಿನಿ ಇದೆ’ ಅನ್ನುತ್ತಾರೆ. ಮಿನಿ ಅಂದರೆ ಬೈಟುವಿನ ಅಳತೆ, ಫುಲ್ಲಿನ ರೇಟು.

ಇಡ್ಲಿಯ ಕಥೆ ಇನ್ನೂ ಚೆನ್ನ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಸಿಕ್ಕಿಬಿದ್ದು, 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆ ಅದನ್ನು ನಿಷೇಧಿಸಿತು. ಮರುತಿಂಗಳೇ ‘ಅಪ್ಪಟ ಬಟ್ಟೆ ಇಡ್ಲಿ’ ಮೆನುವಿನಲ್ಲಿ ಹೊಸ ಐಟಮ್ಮಾಗಿ ಕೂತಿತು. ಕಾನೂನು ಪಾಲಿಸಿದ್ದಕ್ಕೆ ಪ್ಲೇಟಿಗೆ ಹತ್ತು ರೂಪಾಯಿ ಹೆಚ್ಚು. ನಾಳೆ ‘ಕೈ ತೊಳೆದು ಮಾಡಿದ ಕೇಸರಿಬಾತ್’ ಬಂದರೂ ಬಂದೀತು.

ನಿಂತು ತಿನ್ನುವುದರ ಕಥೆಯೂ ಹಾಗೇ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದರ ಹಿಂದೆ ನೇರ ಲೆಕ್ಕವಿತ್ತು: ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಬಿಡುತ್ತಾನೆ, ಅದಕ್ಕೇ ತಿಂಡಿ ಅಗ್ಗ. ಈಗಿನವರು ದರ್ಶಿನಿಯಿಂದ ನಿಲ್ಲುವುದನ್ನು ಉಳಿಸಿಕೊಂಡು ಅಗ್ಗವನ್ನು ಕೈಬಿಟ್ಟಿದ್ದಾರೆ. ಟೋಕನ್ನಿಗೆ ನಲವತ್ತು ನಿಮಿಷ ನಿಂತು, ತಟ್ಟೆಗೆ ಹದಿನೈದು ನಿಮಿಷ ನಿಂತು, ತಿನ್ನಲು ಕಲ್ಲಿನ ಕಟ್ಟೆಯ ಮುಂದೆ ನಿಂತು, ಆಮೇಲೆ ‘ಆಂಬಿಯೆನ್ಸ್ ಸೂಪರ್’ ಅಂತ ಸ್ಟಾರ್ ಕೊಡುತ್ತೇವೆ. ಬೆತ್ತದ ಕುರ್ಚಿಗಳು ಫೋಟೋಕ್ಕೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಜೊತೆಗೆ ಕಾಫಿ-ಟೀ ಇಷ್ಟರಲ್ಲೇ ಹೆಸರು ಮಾಡಿತು, ಸಾಂಬಾರನ್ನೂ ಇಟ್ಟುಕೊಳ್ಳದೆ. ಅಲ್ಲಿಯೂ ಜನ ನಿಂತೇ ತಿನ್ನುತ್ತಾರೆ, ಆದರೆ ಅಲ್ಲಿ ನಿಲ್ಲುವುದು ಚಟ್ನಿಗೆ.

ಇನ್ನು ನಿಜವಾದ ಹಳೇ ಹೋಟೆಲುಗಳ ವಿಚಾರ. ಅವಕ್ಕೂ ನಮ್ಮಲ್ಲಿ ಅಪಾರ ಪ್ರೀತಿಯಿದೆ, ಅದನ್ನು ಮುಚ್ಚುವ ದಿನಕ್ಕೆಂದು ತೆಗೆದಿಟ್ಟಿರುತ್ತೇವೆ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗುವಾಗ ಆದದ್ದೂ ಅದೇ, 2023ರ ಡಿಸೆಂಬರಿನಲ್ಲಿ ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಮುಚ್ಚುವಾಗ ಆದದ್ದೂ ಅದೇ. ಸುದ್ದಿ ಬಂದದ್ದೇ ತಡ, ಊರಿಗೆ ಊರೇ ಹಸಿದುಕೊಂಡು ಬಂತು. ಹತ್ತು ವರ್ಷದಿಂದ ಆ ಮೆಟ್ಟಿಲು ತುಳಿಯದವರು ಕೊನೆಯ ಪ್ಲೇಟಿಗೆ ಕಾದು ನಿಂತು, ಬಟನ್ ಇಡ್ಲಿಯ ಮುಂದೆ ಕಣ್ಣೊರೆಸಿಕೊಂಡು, ಫೋಟೋ ಹಾಕಿದರು. ಆ ಕ್ಯೂವನ್ನು ಹಿಂದಿನ ವರ್ಷಗಳ ಮಂಗಳವಾರಗಳಿಗೆ ಸಮನಾಗಿ ಹಂಚಿದ್ದರೆ ಅಂತ ಗಲ್ಲಾದಲ್ಲಿ ಕೂತವರಿಗೆ ಅನ್ನಿಸಿರಬಹುದು. ನ್ಯಾಯವಾಗಿ ನೋಡಿದರೆ ಮುಚ್ಚುವ ದಿನವೇ ಹಳೇ ಹೋಟೆಲಿನ ಬೆಸ್ಟ್ ಸೆಲ್ಲಿಂಗ್ ಐಟಮ್, ದಡ್ಡರು, ಒಂದೇ ಸಲ ಮಾರುತ್ತಾರೆ.

45 ದಿನದ ಹೋಟೆಲಿನವರು ಅಷ್ಟು ದಡ್ಡರಲ್ಲ. ಅವರು ಮುಚ್ಚುವುದೇ ಇಲ್ಲ. ಹನ್ನೊಂದನೇ ತಿಂಗಳಿಗೆ ರೀಲು ಹಳಸಿ, ಕ್ಯೂ ಪಕ್ಕದ ಬೀದಿಯ ಇನ್ನೂ ಹಳೇ ಹೊಸ ಹೋಟೆಲಿಗೆ ಹೊರಳಿದಾಗ ‘ನವೀಕರಣಕ್ಕಾಗಿ ತಾತ್ಕಾಲಿಕವಾಗಿ’ ಅಂತ ಒಂದು ಬ್ಯಾನರು ಬೀಳುತ್ತದೆ. ಒಳಗೆ ಹಂಚು, ಗ್ರೈಂಡರು, ಬೆತ್ತದ ಕುರ್ಚಿ ಸಗಟು ಲೆಕ್ಕದಲ್ಲಿ ಮುಂದಿನವರಿಗೆ ಕೈ ಬದಲಾಗುತ್ತವೆ. ಬೋರ್ಡಿನವನು ಬಂದು ಹೆಸರಿನ ಮೊದಲರ್ಧ ಕೆರೆದು ಇನ್ನೊಂದು ಊರಿನ ಹೆಸರು ಬರೆಯುತ್ತಾನೆ, ‘ಕೆಫೆ’ ಹಾಗೇ ಇರಲಿ ಅನ್ನುತ್ತಾರೆ. ಗಲ್ಲಾಪೆಟ್ಟಿಗೆಯ ಮೇಲೆ ಅಜ್ಜ ಅಲ್ಲೇ ಇದ್ದಾನೆ, ಒಡೆದ ಗಾಜಿನ ಹಿಂದೆ, ತನ್ನ ಎರಡನೇ ಹೋಟೆಲನ್ನು ಸ್ಥಾಪಿಸುತ್ತ. ಪಕ್ಕದ ನಂಬರಿನಲ್ಲಿ ನಾಲ್ಕು ಮತ್ತು ಐದನೇ ಅಂಕಿ ಮಾತ್ರ 24 ಹೋಗಿ 25 ಆಗಿದೆ.