ಹನ್ನೊಂದು ಜನ ತಿಪ್ಪೇಸ್ವಾಮಿಗಳು

ನಮ್ಮ ಮುತ್ತಜ್ಜ ತೀರಿಕೊಂಡು 60 ವರ್ಷದ ಮೇಲಾಯಿತು. ಆದರೆ ಪಹಣಿಯ ಪ್ರಕಾರ ಅವರು ಇವತ್ತಿಗೂ 4 ಎಕರೆ 12 ಗುಂಟೆಯನ್ನು ಸ್ವಂತ ಸಾಗುವಳಿ ಮಾಡಿಕೊಂಡು ಆರೋಗ್ಯವಾಗಿದ್ದಾರೆ. ವರ್ಷವರ್ಷವೂ ಶೇಂಗಾ ಬೆಳೆಯುತ್ತಾರೆ. ಬದುಕಿರುವ ನಾವು ಯಾರೂ ಅಷ್ಟು ನಿಯತ್ತಾಗಿ ಬೆಳೆದಿಲ್ಲ.

ಕಳೆದ ಯುಗಾದಿಗೆ ಚಳ್ಳಕೆರೆ ಸೀಮೆಯ ನಮ್ಮೂರಿಗೆ ಹೋದಾಗ, ಹೋಳಿಗೆ ಉಣ್ಣುತ್ತಿದ್ದ ನನ್ನ ಪಕ್ಕದಲ್ಲಿ ದೊಡ್ಡಪ್ಪ ಬಂದು ಕೂತರು. ದೊಡ್ಡಪ್ಪ ಊಟದ ಹೊತ್ತಲ್ಲಿ ಪಕ್ಕಕ್ಕೆ ಬಂದು ಕೂತರೆ ಏನೋ ಕೆಲಸ ಇದೆ ಎಂದೇ ಅರ್ಥ.

"ಪೌತಿ ಖಾತೆ ಮಾಡಿಸ್ಬೇಕು ಕಣಪ್ಪ, ಜಮೀನು ಸತ್ತೋರ ಹೆಸ್ರಿಂದ ನಮ್ಮ ಹೆಸ್ರಿಗೆ ಬರ್ಬೇಕು. ಅದಕ್ಕೆ ವಂಶವೃಕ್ಷ ಬೇಕಂತೆ. ನೀನು ಓದಿದೋನು, ಒಂದು ಬರ್ದುಕೊಟ್ಟುಬಿಡು."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದಕ್ಕೆ ಕಾರಣ ಹೋಳಿಗೆಯಲ್ಲ. ಹೋದ ವರ್ಷವಷ್ಟೇ ಮಗಳ ಶಾಲೆಯ ಪ್ರಾಜೆಕ್ಟಿಗೆ ಮಾವಿನ ಮರ ಬರೆದು, ಕೊಂಬೆಗೊಬ್ಬರಂತೆ ಬಂಧುಗಳನ್ನು ನೇತುಹಾಕಿ 10ಕ್ಕೆ 8 ಅಂಕ ಗಿಟ್ಟಿಸಿದ್ದೆ. ಆ ಎರಡು ಅಂಕ ಯಾಕೆ ಹೋಯಿತೆಂದು ಆವಾಗಲೇ ಯೋಚಿಸಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಡ್ರಾಯಿಂಗ್ ಶೀಟು, ಸ್ಕೇಲು, ಎರಡು ಬಣ್ಣದ ಪೆನ್ನು ಹಿಡಿದು ಜಗುಲಿಯ ಮೇಲೆ ಕೂತೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: "ತಿಪ್ಪೇಸ್ವಾಮಿ. ಅವನ ಮಗ ತಿಪ್ಪೇರುದ್ರಪ್ಪ. ಅವನ ಮಗ ತಿಪ್ಪೇಸ್ವಾಮಿ. ಅವನ ತಮ್ಮ ತಿಪ್ಪಣ್ಣ. ತಿಪ್ಪಣ್ಣನ ಮಗಳು ತಿಪ್ಪಮ್ಮನ್ನ ತಿಪ್ಪೇಸ್ವಾಮಿಗೆ ಕೊಟ್ಟಿತ್ತು."

"ಯಾವ ತಿಪ್ಪೇಸ್ವಾಮಿಗೆ?"

"ಅದೇ ಕಣಯ್ಯ, ತಿಪ್ಪೇಸ್ವಾಮಿಗೆ!"

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ನಮ್ಮ ಮನೆದೇವರು. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮರು, "ಮಾಡಿದಷ್ಟು ನೀಡು ಭಿಕ್ಷೆ" ಎಂದವರು. ನಮ್ಮವರು ಆ ಮಾತನ್ನು ನಾಮಕರಣಕ್ಕೂ ಅನ್ವಯಿಸಿಕೊಂಡು, ಹುಟ್ಟಿದಷ್ಟೂ ಮಕ್ಕಳಿಗೆ ಅದೇ ಹೆಸರು ನೀಡಿದ್ದಾರೆ. ಅದರ ಮೇಲೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಹಾಳೆಯ ಮೇಲೆ 11 ಜನ ತಿಪ್ಪೇಸ್ವಾಮಿಗಳಿದ್ದರು. ಹನ್ನೊಂದನೆಯವನು ನಾನು. ಆಫೀಸಿನಲ್ಲಿ ಎಲ್ಲರೂ ಸ್ವಾಮಿ ಅನ್ನುವುದರಿಂದ ಈ ಸಂಗತಿ ನನಗೇ ಮರೆತುಹೋಗಿತ್ತು.

ಊರವರಿಗೆ ಇದರಿಂದ ಯಾವತ್ತೂ ತೊಂದರೆಯಾಗಿಲ್ಲ. ಬೀಡಿ ತಿಪ್ಪಣ್ಣ, ಕೆಂಚ ತಿಪ್ಪಣ್ಣ, ಊರಿಗೆ ಮೊದಲು ರೇಡಿಯೋ ತಂದ ರೇಡಿಯೋ ತಿಪ್ಪೇಸ್ವಾಮಿ, ಪಂಚಾಯ್ತಿ ಎಲೆಕ್ಷನ್ನಿಗೆ ನಿಂತ ಓಟು ಸೋತ ತಿಪ್ಪೇಸ್ವಾಮಿ. ಪಾಪ, ಅವರು ಆಮೇಲೆ ಒಂದು ಸಲ ಗೆದ್ದರು. ಹೆಸರು ಮಾತ್ರ ಸೋತೇ ಉಳಿಯಿತು. ಆದರೆ ಅರ್ಜಿಯಲ್ಲಿ ಬೀಡಿ, ರೇಡಿಯೋಗಳಿಗೆ ಕಾಲಂ ಇಲ್ಲ. ಅಲ್ಲಿ "ತಿಪ್ಪೇಸ್ವಾಮಿ ಬಿನ್ ತಿಪ್ಪೇರುದ್ರಪ್ಪ ಬಿನ್ ತಿಪ್ಪೇಸ್ವಾಮಿ" ಎಂದೇ ಬರೆಯಬೇಕು. ಓದುವವರಿಗೆ ಯಾರೋ ತೊದಲುತ್ತಿದ್ದಾರೆ ಅನ್ನಿಸುತ್ತದೆ.

ಹೆಸರಿನದು ಹೀಗಾದರೆ ಇಸವಿಯದು ಇನ್ನೊಂದು ಕಥೆ. ಅಜ್ಜಿಯ ತಮ್ಮ ಹುಟ್ಟಿದ್ದು "ಗಾಂಧಿ ಬಂದ ವರ್ಷ" ಅಂದರು. ಖುಷಿಯಿಂದ ಬರೆದುಕೊಳ್ಳಲು ಹೋದರೆ, ಗಾಂಧೀಜಿ 1915ರಲ್ಲಿ ಬಂದಿದ್ದಾರೆ, 1924ರಲ್ಲಿ ಬೆಳಗಾವಿಗೆ ಬಂದಿದ್ದಾರೆ, 1927ರಲ್ಲಿ ನಂದಿಬೆಟ್ಟದಲ್ಲಿ ತಂಗಿದ್ದಾರೆ, 1934ರಲ್ಲಿ ಮತ್ತೆ ಬಂದಿದ್ದಾರೆ. ಅಜ್ಜಿಯ ತಮ್ಮ ಅಷ್ಟೂ ಸಲ ಹುಟ್ಟಿರಲಾರರು. ಇನ್ನೊಬ್ಬರದು ಪ್ರಭವ ಸಂವತ್ಸರ ಅಂತ ಸಿಕ್ಕಿತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅವರು 1867ರಲ್ಲಾದರೂ ಹುಟ್ಟಿರಬಹುದು, 1927ರಲ್ಲಾದರೂ ಹುಟ್ಟಿರಬಹುದು. ಸರಿಯಾಗಿ ಲೆಕ್ಕಕ್ಕೆ ಸಿಕ್ಕಿದ್ದು ಹಿರಿಯೂರು ಕಡೆಯ ಸಣ್ಣಜ್ಜಿ ಒಬ್ಬರೇ: "ಮಾರಿಕಣಿವೆ ಕೋಡಿ ಬಿದ್ದ ವರ್ಷ." ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು. ಅದು ಕಟ್ಟಿ ಮುಗಿದದ್ದು 1907ರಲ್ಲಿ, ಕೋಡಿ ಹರಿದದ್ದು 1933ರಲ್ಲಿ. ಆಮೇಲೆ 89 ವರ್ಷ ಅದು ತುಂಬಲೇ ಇಲ್ಲ. ಇಂಥ ಜನನ ಪ್ರಮಾಣಪತ್ರ ಯಾವ ಆಸ್ಪತ್ರೆ ಕೊಟ್ಟೀತು! ಅಷ್ಟರಲ್ಲಿ 2022ರಲ್ಲಿ ಮತ್ತೆ ಕೋಡಿ ಬಿತ್ತು, ಅದೇ ವರ್ಷ ನಮ್ಮ ಮನೆಯಲ್ಲೊಂದು ಕೂಸೂ ಹುಟ್ಟಿತು. ಮುಂದೆ ಯಾವನಾದರೂ ಓದಿದವನು ಹೀಗೆ ಡ್ರಾಯಿಂಗ್ ಶೀಟು ಹಿಡಿದು ಕೂತಾಗ ಸಣ್ಣಜ್ಜಿಯೂ ಆ ಕೂಸೂ ಅವಳಿ ಜವಳಿ ಆಗುವುದು ಖಂಡಿತ.

ಬೆಂಗಳೂರಿಗೆ ವಾಪಸ್ ಬಂದವನು ಹಾಳೆಯ ಸಹವಾಸ ಬೇಡವೆಂದು ಮೊಬೈಲಿಗೆ ಒಂದು ಆಪ್ ಹಾಕಿಕೊಂಡೆ. ಅಪ್ಪ ಅಮ್ಮನ ಹೆಸರು ಕೊಟ್ಟೆ, ಸುಮ್ಮನಿತ್ತು. ಅಮ್ಮನ ಅಮ್ಮನ ಹೆಸರು ಕೊಟ್ಟೆ ನೋಡಿ, ಕೆಂಪು ದೀಪ ಹತ್ತಿತು. ನಮ್ಮಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಇದು ಹೆಣ್ಣು ಹುಡುಕುವ ಖರ್ಚು ಉಳಿಸುವ ಮಾಮೂಲಿ ಏರ್ಪಾಟು. ಹಾಗಾಗಿ ನನ್ನ ಸೋದರತ್ತೆಯೇ ನನ್ನ ಅಜ್ಜಿ. ಅಪ್ಪನಿಗೆ ಅಕ್ಕ, ಅಮ್ಮನಿಗೆ ಅಮ್ಮ. ಅಪ್ಪನ ಅಮ್ಮ ನನಗೆ ಅಜ್ಜಿಯೂ ಹೌದು, ಇನ್ನೊಂದು ದಾರಿಯಲ್ಲಿ ಬಂದರೆ ಮುತ್ತಜ್ಜಿಯೂ ಹೌದು. ಆಪ್ ಪದೇಪದೇ "ಇವರಿಬ್ಬರೂ ಒಂದೇ ವ್ಯಕ್ತಿಯೇ?" ಎಂದು ಕೇಳಿತು. ಹೌದು ಅಂದರೆ "ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ" ಅಂದಿತು. ಮಗಳ ಪ್ರಾಜೆಕ್ಟಿನಲ್ಲಿ ಹೋದ ಎರಡು ಅಂಕದ ಗುಟ್ಟು ಆಗ ಹೊಳೆಯಿತು. "ಅಜ್ಜನ ಅಕ್ಕ" ಎಂಬ ಕೊಂಬೆಯಲ್ಲೂ "ಅಜ್ಜಿಯ ಅಮ್ಮ" ಎಂಬ ಕೊಂಬೆಯಲ್ಲೂ ಒಂದೇ ಹೆಸರು ಕಂಡು ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು. ವೃಕ್ಷ ಅಂದಮೇಲೆ ಕೊಂಬೆಗಳು ಮೇಲಕ್ಕೆ ಹೋಗುತ್ತಾ ದೂರ ದೂರ ಆಗಬೇಕು. ನಮ್ಮದು ಕೆರೆಯಂಗಳದ ಬಳ್ಳಾರಿ ಜಾಲಿ. ಯಾವ ರೆಂಬೆ ಎಲ್ಲಿಂದ ಹೊರಟು ಎಲ್ಲಿ ಸಿಕ್ಕಿಕೊಂಡಿದೆಯೋ, ಬಿಡಿಸಲು ಹೋದರೆ ಕೈಗೆ ಮುಳ್ಳು.

ಮುಳ್ಳು ಚುಚ್ಚಿದ್ದು ಮುಂದಿನ ವಾರ. ದೊಡ್ಡಪ್ಪ ಬರೆಸಿದ ಪಟ್ಟಿಯನ್ನು ಅತ್ತೆಗೆ, ಅಂದರೆ ಅಜ್ಜಿಗೆ, ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೆಣ್ಮಕ್ಳು ಎಲ್ಲೋ?" ಅಂದರು. ನೋಡಿದೆ. ಮಾತಿನಲ್ಲಿ ಬಂದುಹೋಗಿದ್ದ ತಿಪ್ಪಮ್ಮನೂ ಸೇರಿದಂತೆ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. ದೊಡ್ಡಪ್ಪನ ಪ್ರಕಾರ ನಮ್ಮ ವಂಶ ನಾಲ್ಕು ತಲೆಮಾರು ಗಂಡಸರಿಂದ ಗಂಡಸರಿಗೇ ಹರಿದು ಬಂದಿತ್ತು. ಕೇಳಿದರೆ, "ಅವ್ರು ಕೊಟ್ಟ ಮನೆ ವೃಕ್ಷದಲ್ಲಿ ಇರ್ತಾರೆ ಬಿಡು" ಎಂದರು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ವಿವರಿಸಿದೆ. ದೊಡ್ಡಪ್ಪನಿಗೆ ಆ ಕ್ಷಣದಿಂದ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಅತ್ತೆಗೆ ಮಾತ್ರ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತಿದೆ.

ಸೊಸೆಯಾಗಿ ಬಂದವರ ಗತಿಯಂತೂ ಹೇಳುವಂತಿಲ್ಲ. ಮುತ್ತಜ್ಜಿಯ ಹೆಸರೇನು ಎಂದು ಏಳು ಮನೆ ಕೇಳಿದೆ. ಎಲ್ಲರ ಬಾಯಲ್ಲೂ "ಐಮಂಗಲದಮ್ಮ". ಅದು ಅವರ ತವರೂರು. ಎಂಟು ಮಕ್ಕಳನ್ನು ಹೆತ್ತು, ಮೂವರನ್ನು ಕಳೆದುಕೊಂಡು, ಮಿಕ್ಕವರಿಗೆ ಮುದ್ದೆ ತಿರುವಿ ಹಾಕಿದ ಹೆಂಗಸಿನ ಹೆಸರು ಯಾರಿಗೂ ಬೇಕಾಗಿಲ್ಲ. ಕೊನೆಗೆ ಚಿಕ್ಕಮ್ಮ ಅಟ್ಟದಿಂದ ಒಂದು ಹಿತ್ತಾಳೆ ಬಿಂದಿಗೆ ಇಳಿಸಿದರು. ತವರಿನವರು ಕೊಟ್ಟ ಪಾತ್ರೆಯ ಮೇಲೆ ಹೆಸರು ಕೊರೆಸುತ್ತಾರಲ್ಲ, ಕಂಠದ ಸುತ್ತ ಚುಕ್ಕಿಚುಕ್ಕಿಯ ಅಕ್ಷರ. ನಾಲ್ಕು ತಲೆಮಾರಿನ ಹೆಂಗಸರು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ತಿಕ್ಕಿ ಮೊದಲ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಉಳಿದದ್ದು "ಪ್ಪಮ್ಮ" ಮಾತ್ರ. ಮೊದಲ ಅಕ್ಷರ ಏನಿದ್ದಿರಬಹುದು ಎಂದು ನಮ್ಮ ವಂಶದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಅಟ್ಟದಲ್ಲಿ ಟ್ರಂಕಿನೊಳಗೆ ಅಜ್ಜನ ಮದುವೆಯ ಮುಯ್ಯಿ ಪುಸ್ತಕವೂ ಸಿಕ್ಕಿತು. ಅಂಚು ಗೆದ್ದಲು ತಿಂದಿತ್ತು. ಒಳಗಿನ ಲೆಕ್ಕ ಮಾತ್ರ ಗಟ್ಟಿಯಾಗಿತ್ತು. "ಬೀಡಿ ತಿಪ್ಪಣ್ಣ, 1 ರೂ. ಕೆಂಚ ತಿಪ್ಪಣ್ಣ, 8 ಆಣೆ. ಕೆರೆಮುಂದಿನ ತಿಪ್ಪೇಸ್ವಾಮಿ, ಅಕ್ಕಿ 2 ಸೇರು, ತೆಂಗಿನಕಾಯಿ 1." ಹತ್ತಿರದವರಿಂದ ದೂರದವರವರೆಗೆ ಸಾಲಾಗಿ, ಊರು ಸಮೇತ, ಅಡ್ಡಹೆಸರು ಸಮೇತ! ನನ್ನ ಆಪ್ ಮೂರು ವಾರದಲ್ಲಿ ಮಾಡಲಾಗದ್ದನ್ನು ಯಾರೋ ಒಬ್ಬ ಮುಯ್ಯಿ ಬರೆಯುವವನು ಚಪ್ಪರದ ಕೆಳಗೆ ಒಂದೇ ಬೆಳಗ್ಗೆ ಮಾಡಿ ಮುಗಿಸಿದ್ದ. ಕೊಟ್ಟ ದುಡ್ಡನ್ನು ತಿರುಗಿ ಕೊಡಬೇಕಲ್ಲ, ಅದಕ್ಕೇ ಗುರುತು ಇಷ್ಟು ಪಕ್ಕಾ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಸುಗ್ಗಿಯ ನಂತರ ಹೆಳವರು ಬಂದರು. ಮೊದಲೆಲ್ಲ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುತ್ತಿದ್ದವರು ಈಗ ಬೈಕಿನಲ್ಲಿ ಬಂದಿದ್ದರು. ಮನೆಮನೆಯ ವಂಶಾವಳಿ ಹೇಳುವುದೇ ಅವರ ತಲೆತಲಾಂತರದ ಕಸುಬು. ಅಂಗಳದಲ್ಲಿ ನಿಂತು, ಉಸಿರು ಬಿಡದೆ, ಮೂಲಪುರುಷನಿಂದ ನನ್ನವರೆಗೆ ರಾಗವಾಗಿ ಹೇಳಿದರು ನೋಡಿ, ಮೈ ಜುಮ್ಮೆಂದಿತು. ಅವರ ಬಾಯಲ್ಲಿ ನಮ್ಮ ಬೀಡಿ ತಿಪ್ಪಣ್ಣನೂ ದಾನಶೂರ. ನಡುವೆ ಒಂದು ಕಡೆ ದನಿ ಇಳಿಸಿ, "ಧಾತು ಸಂವತ್ಸರದ ಬರದಾಗ ಮೂರನೇ ತಮ್ಮ ಹೊಸದುರ್ಗದ ಕಡೆ ಹೋದ, ತಿರುಗಿ ಬರಲಿಲ್ಲ" ಎಂದರು. 1876ರ ದೊಡ್ಡ ಬರ. 1871ರಲ್ಲಿ 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಅಂಗಳದಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಒಳಗೆ ಹೋಗಿ, ಕೇಳಿದ್ದಕ್ಕಿಂತ ಅರ್ಧ ಚೀಲ ಹೆಚ್ಚಿಗೆ ಶೇಂಗಾ ತಂದು ಹಾಕಿದರು.

ಆ ತಮ್ಮನ ಸಂತತಿಯನ್ನು ಹುಡುಕಲೇಬೇಕು ಅನ್ನಿಸಿತು. ಭಾನುವಾರ ಚಿಕ್ಕಪ್ಪನ ಮಗನ ಬೈಕು ಹತ್ತಿ, ಹೆಳವರು ಹೇಳಿದ ಊರಿಗೆ ಹೋಗಿ, ಟೀ ಅಂಗಡಿಯಲ್ಲಿ ವಿಚಾರಿಸಿದೆ. ತಿಪ್ಪೇಸ್ವಾಮಿ ಅನ್ನುವವರ ಮನೆ ಒಂದೇ ಒಂದು. ಇನ್ನೇನು ಬೇಕು? ಮನೆಯ ಯಜಮಾನರಿಗೆ ಪರಿಚಯ ಹೇಳಿಕೊಂಡೆ, "ನೂರೈವತ್ತು ವರ್ಷದ ಹಿಂದೆ ಬೇರೆಯಾದ ಅಣ್ಣತಮ್ಮಂದಿರು ನಾವು." ಅವರು ಕೂರಿ ಅನ್ನುವ ಮೊದಲೇ, "ಜಮೀನೆಲ್ಲ ಮಾರಿ ಆಯ್ತು ಕಣಣ್ಣ" ಎಂದರು. ಪಾಲು ಕೇಳಲು ಬಂದಿಲ್ಲವೆಂದು ಮನವರಿಕೆ ಮಾಡಲು ಎರಡು ಲೋಟ ಟೀ ಹಿಡಿಯಿತು.

ಅಷ್ಟರಲ್ಲಿ ಒಳಗಿಂದ ಅವರ ತಾಯಿ ಬಂದರು. ಎಂಬತ್ತು ದಾಟಿದ ಜೀವ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಅಯ್ಯೋ ನನ್ನಪ್ಪ, ಥೇಟ್ ನಮ್ಮ ಯಜಮಾನ್ರ ಮೂಗು!" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಯಾರು ತಡೆಯುತ್ತಾರೆ? ಮುದ್ದೆ, ಹುರುಳಿಕಾಳು ಸಾರು, ಮೇಲೆ ಗಟ್ಟಿ ಮೊಸರು. ಉಂಡು ಎದ್ದು, ನಾಲ್ಕು ತಲೆಮಾರು, 63 ಜನರ ಹೆಸರು ಬರೆದುಕೊಂಡೆ, ಈ ಸಲ ಹೆಣ್ಣುಮಕ್ಕಳನ್ನೂ ಸೇರಿಸಿ. ಹೊರಡುವಾಗ ಸುಮ್ಮನೆ ಮಾತಿಗೆ, "ಜಾತ್ರೆಗೆ ನಾಯಕನಹಟ್ಟಿಗೆ ಬರ್ತೀರಲ್ಲ?" ಎಂದೆ.

"ಇಲ್ಲ ಕಣಣ್ಣ, ನಮ್ಮ ಮನೆದೇವ್ರು ರಂಗನಾಥ. ನಮ್ಮಪ್ಪಂಗೆ ಬಾಳ ದಿನ ಮಕ್ಳಾಗ್ಲಿಲ್ಲ ಅಂತ ಹಟ್ಟಿ ತಿಪ್ಪೇಶನಿಗೆ ಹರಕೆ ಹೊತ್ಕಂಡಿದ್ರಂತೆ. ಅದಕ್ಕೇ ನಂಗೆ ಈ ಹೆಸ್ರು."

ಮನೆದೇವರೇ ಬೇರೆ ಅಂದಮೇಲೆ ವಂಶವೇ ಬೇರೆ. ಚಿಕ್ಕಪ್ಪನ ಮಗ ಬೈಕಿನ ಕಡೆ ನೋಡುತ್ತಾ ನಗು ತಡೆದುಕೊಳ್ಳುತ್ತಿದ್ದ. ನಾನು ಆ ಅಜ್ಜಿಗೆ ಮೆಲ್ಲಗೆ ವಿಷಯ ತಿಳಿಸಿ ತಪ್ಪಾಯಿತೆಂದೆ. ಅವರು ಒಪ್ಪಲಿಲ್ಲ. "ಮನುಷ್ರು ಸುಳ್ಳು ಹೇಳ್ತಾರೆ, ಮೂಗು ಹೇಳ್ತದಾ?"

ಅರ್ಜಿ ಅಂತೂ ಕೊಟ್ಟಾಯಿತು. ಅತ್ತೆಯ ಹೆಸರು ಬಂತು. ನನ್ನ ಪಾಲಿಗೆ ಬರುವುದು ಐದಾರು ಗುಂಟೆ, ಅದರಲ್ಲೂ ಸ್ವಲ್ಪ ಖರಾಬು. ಊರಲ್ಲಿ ಎಲ್ಲರೂ ಇನ್ನೂ ಶಾನುಭೋಗರು ಅಂತಲೇ ಕರೆಯುವ ಅಧಿಕಾರಿ ಮಹಜರಿಗೆ ಬರುವುದೊಂದು ಬಾಕಿ. ಅಲ್ಲಿಯವರೆಗೆ ಮುತ್ತಜ್ಜನೇ ಶೇಂಗಾ ಬೆಳೆಯುತ್ತಿರುತ್ತಾರೆ.

ಹೋದ ತಿಂಗಳು ಹೊಸದುರ್ಗದ ಕಡೆಯಿಂದ ಲಗ್ನಪತ್ರಿಕೆ ಬಂತು, ಆ ಅಜ್ಜಿಯ ಮೊಮ್ಮಗಳ ಮದುವೆ. ಹೋಗದೆ ಇರಲು ಮನಸ್ಸು ಬರಲಿಲ್ಲ. ಧಾರೆ ಮುಗಿಸಿ ಮುಯ್ಯಿ ಬರೆಯುವ ಟೇಬಲ್ಲಿನ ಮುಂದೆ ನಿಂತು 501 ರೂಪಾಯಿ ಇಟ್ಟೆ. ಬರೆಯುವ ಹುಡುಗ ತಲೆ ಎತ್ತದೆ ಕೇಳಿದ: "ಹೆಸ್ರು?"

"ತಿಪ್ಪೇಸ್ವಾಮಿ."

"ಯಾವ ತಿಪ್ಪೇಸ್ವಾಮಿ?"

ನಾನು ಉತ್ತರ ಹುಡುಕುತ್ತಿದ್ದೆ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೇ ಹೇಳಿದರು:

"ಮೂಗಿನ ತಿಪ್ಪೇಸ್ವಾಮಿ ಅಂತ ಬರ್ಕೊಳ್ಳೋ."